ದ್ರಾಕ್ಷಾಯಿಣಿ ಕಟ್ಟಿದ ಕಟ್ಟಿ

ಹುಬ್ಬಳ್ಳಿಯ ದುರ್ಗದಬೈಲಿನ ಬಳೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ತ್ರ್ಯಂಬಕ ಇನಾಮದಾರರ ಆಫೀಸಿದೆ. ಸುತ್ತಲಿನ ಅಂಗಡಿಕಾರರಿಗೆ ಬಿಲ್ಲು ಹಾಕುವ ಪ್ರೋಗ್ರಾಮ್ ಮಾಡಿಕೊಡುವುದು ಅವರ ಉದ್ಯೋಗ. ಆ ಪ್ರೋಗ್ರಾಮನ್ನು ಬರೆದವಳು, ಸರಕಾರ ತೆರಿಗೆ ನಿಯಮ ಬದಲಿಸಿದಾಗಲೆಲ್ಲ ಅದನ್ನು ತಿದ್ದುವವಳು ದ್ರಾಕ್ಷಾಯಿಣಿ. ಉಣಕಲ್ಲಿನವಳು. ಅಪ್ಪ ಬೀರಪ್ಪ ಎಮ್ಮೆ ಸಾಕಿ ಹುಬ್ಬಳ್ಳಿಯ ಮನೆಗಳಿಗೆ ಹಾಲು ಹಾಕುತ್ತಿದ್ದ ಮನುಷ್ಯ. ಮಗಳಿಗೆ ಕಂಪ್ಯೂಟರ್ ಡಿಪ್ಲೊಮಾ ಓದಿಸಿ, ಅವಳಿಗೆ ಕೆಲಸ ಸಿಕ್ಕ ಮರುವರ್ಷ ತೀರಿಕೊಂಡ. ಅವ್ವ ದುರಗವ್ವ ಈಗ ಮಗಳು ಅಳಿಯನ ಜೊತೆಗೇ ಇದ್ದಾಳೆ. ಅಳಿಯ ಹನಮೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್.

ಮದುವೆಯಾಗಿ ಎರಡು ವರ್ಷಕ್ಕೆ ದ್ರಾಕ್ಷಾಯಿಣಿಗೆ ಮೆದುಳಿನ ಪೊರೆಗೆ ಸೋಂಕು ತಗಲಿ ಜ್ವರ ಬಂತು. ಜೀವ ಉಳಿಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಎಚ್ಚರವಾದಾಗ ಎದುರಿಗೆ ಹನಮೇಶ ನಿಂತಿದ್ದ. ಅವನ ತುಟಿ ಆಡುತ್ತಿದ್ದವು, ಮಾತು ಮಾತ್ರ ಬರುತ್ತಿರಲಿಲ್ಲ.

"ಬರೇ ಬಾಯಿ ಯಾಕ ಆಡಸಾಕತ್ತೀರಿ? ಮಾತಾಡ್ರಿ" ಎಂದಳು. ತಾನು ಆಡಿದ ಆ ಮಾತೂ ತನಗೆ ಕೇಳಿಸಲಿಲ್ಲ ಎಂಬುದು ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಕಿವಿಯ ಯಂತ್ರ ಹಾಕಿ ನೋಡಿದರು. ಗದ್ದಲ ಬಿಟ್ಟರೆ ಏನೂ ಬರಲಿಲ್ಲ. ಒಳಗಿವಿಯಲ್ಲಿ ಎಲುಬು ಬೆಳೆದುಬಿಟ್ಟಿದೆ, ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಯಂತ್ರ ಕೂಡಿಸುವುದೂ ಆಗದು ಎಂದು ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು.

ತ್ರ್ಯಂಬಕ ಅವಳ ಕುರ್ಚಿಯನ್ನು ಬೇರೆಯವರಿಗೆ ಕೊಡಲಿಲ್ಲ. ಅದು ದೊಡ್ಡ ಮಾತು, ದ್ರಾಕ್ಷಾಯಿಣಿಗೂ ಗೊತ್ತು. ಕೋಡ್ ಬರೆಯಲು ಕಿವಿ ಬೇಕಿಲ್ಲ. ಆದರೆ ಆಫೀಸೆಂದರೆ ಬರೀ ಕೋಡ್ ಅಲ್ಲ. ಸೋಮವಾರ ಮುಂಜಾನೆ ಎಲ್ಲರೂ ಕೂತು ವಾರದ ಕೆಲಸ ಮಾತಾಡುವ ಪದ್ಧತಿ. ತ್ರ್ಯಂಬಕ, ಅಂಗಡಿ ಅಂಗಡಿಗೆ ಹೋಗಿ ತೊಂದರೆ ಸರಿಪಡಿಸಿ ಬರುವ ಸುಫಿಯಾನ, ಅವಳ ಕಿವಿ ಹೋದ ಮೇಲೆ ಕೆಲಸಕ್ಕೆ ಸೇರಿದ ಆಶಿಷ್. ಮೂವರ ಮುಖವನ್ನೂ ಸರತಿಯಲ್ಲಿ ನೋಡುತ್ತ ಅವಳು ಕೂತಿರುತ್ತಿದ್ದಳು. ತುಟಿ ಓದಲು ಕಲಿತಿದ್ದಳು, ಆದರೆ ಒಬ್ಬರ ತುಟಿ ಹಿಡಿಯುವಷ್ಟರಲ್ಲಿ ಮಾತು ಇನ್ನೊಬ್ಬರ ಬಾಯಿಗೆ ಹೋಗಿರುತ್ತಿತ್ತು. ಮೂವರೂ ನಗುವರು. ಅವಳು ಸುಫಿಯಾನನ ತೋಳು ತಟ್ಟಿ "ಏನಂದ್ರು?" ಎಂದು ಕೇಳುವಳು. "ಏನಿಲ್ಲ ಬಿಡ್ರಿ ಅಕ್ಕಾ, ಆಮ್ಯಾಲ ಹೇಳತೇನಿ" ಎಂದು ಅವನ ತುಟಿ ಹೇಳುವುದು. ಆ ಒಂದು ವಾಕ್ಯವನ್ನು ಓದಲು ಅವಳಿಗೆ ಯಾವ ಕಷ್ಟವೂ ಇರಲಿಲ್ಲ. ದಿನಕ್ಕೆ ಹತ್ತು ಬಾಯಿಗಳ ಮೇಲೆ ಓದುತ್ತಿದ್ದಳು. ಆಮೇಲೆ ಯಾರೂ ಹೇಳುತ್ತಿರಲಿಲ್ಲ. ಹೇಳಬೇಕೆಂದು ಅವರಿಗೆ ನೆನಪೇ ಇರುತ್ತಿರಲಿಲ್ಲ.

ಮಾತನ್ನು ತಾನೇ ಬರೆದು ತೋರಿಸುವ ಮೊಬೈಲ್ ಆ್ಯಪ್‌ಗಳನ್ನೂ ನೋಡಿದಳು. ಟಿವಿ ಸುದ್ದಿಯವರ ಕನ್ನಡ ಅವಕ್ಕೆ ತಿಳಿಯುತ್ತಿತ್ತು. ತ್ರ್ಯಂಬಕರು "ಚನ್ನಯ್ಯನ ಅಂಗಡ್ಯಾಗ ಪ್ರಿಂಟರ್ ನಿಂತದಂತ, ಲಗೂ ಹೋಗಿ ನೋಡ್ರಿ" ಎಂದರೆ ಆ್ಯಪ್ "ಚಿನ್ನಯ್ಯ ಗಡಿಯಾರ ಪ್ರೀತಿ ನಿಂತ ದಂತ" ಎಂದು ತೋರಿಸಿತು. ಮೊದಲ ದಿನ ನಕ್ಕಳು. ಎರಡನೆಯ ವಾರ ಅದನ್ನು ಮೊಬೈಲಿನಿಂದ ತೆಗೆದುಹಾಕಿದಳು.

ಓಪನ್‌ಹಾಲ್ ಅವಳ ಕಣ್ಣಿಗೆ ಬಿದ್ದದ್ದು ಹೀಗೆ ಹುಡುಕುವಾಗಲೇ. ಬೇರೆ ಬೇರೆ ಊರಿನ ಜನ ಒಂದೇ ಹಾಳೆಯ ಮೇಲೆ ಒಟ್ಟಿಗೆ ಬರೆಯಲು ಮಾಡಿದ ವೇದಿಕೆ ಅದು. ಒಬ್ಬರು ಒತ್ತಿದ ಅಕ್ಷರ ಆ ಕ್ಷಣವೇ ಉಳಿದವರ ಪರದೆಯ ಮೇಲೆ ಮೂಡುತ್ತದೆ. ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಳಸಬಹುದು, ಅದರ ಕೋಡ್ ನೋಡಬಹುದು, ಅದಕ್ಕೆ ತಮ್ಮದೇ ಪ್ರೋಗ್ರಾಮ್ ಬರೆದು ಜೋಡಿಸಬಹುದು. ದ್ರಾಕ್ಷಾಯಿಣಿ ಒಂದು ಹಾಳೆ ತೆರೆದು ಸುಫಿಯಾನನನ್ನು ಕೂರಿಸಿದಳು. ಅವನ ಬೆರಳು ಕೀಲಿಮಣೆಯ ಮೇಲೆ ಮಳೆ ಹನಿಸಿದಂತೆ ಓಡುತ್ತವೆ.

"ಸೋಮವಾರ ಅವರು ಏನಂತಾರೋ ಎಲ್ಲಾ ಇದರಾಗ ಬರದುಬಿಡು. ತಿದ್ದಬ್ಯಾಡ. ಯಾರು ಹೇಳಿದ್ರು ಅಂತ ಹೆಸರು ಹಾಕು, ಸಾಕು" ಎಂದಳು.

ಆ ಸೋಮವಾರ ಆಶಿಷ್ ಯಾವುದೋ ಅಂಗಡಿಯ ಬೆಕ್ಕು ಬಿಲ್ಲಿನ ಯಂತ್ರದ ಮೇಲೆ ಮಲಗಿದ್ದನ್ನು ಹೇಳಿದ. ಉಳಿದವರು ನಕ್ಕಾಗ ದ್ರಾಕ್ಷಾಯಿಣಿಯೂ ನಕ್ಕಳು, ಅದೇ ಹೊತ್ತಿಗೆ. ತ್ರ್ಯಂಬಕ ಮಾತು ನಿಲ್ಲಿಸಿ ಅವಳನ್ನು ನೋಡಿದರು.

ಅಷ್ಟರಲ್ಲಿ ಪರದೆ ನಿಂತುಬಿಟ್ಟಿತು.

ಆಫೀಸಿನ ಕಂಪ್ಯೂಟರುಗಳು ಹಳೆಯವು. ಓಪನ್‌ಹಾಲ್ ನಡೆಯುವುದು ಬ್ರೌಸರಿನೊಳಗೆ. ಅದು ತೆರೆದರೆ ಕಂಪ್ಯೂಟರಿನ ಅರ್ಧ ಜೀವವೇ ಅದಕ್ಕೆ ಹೋಗುತ್ತಿತ್ತು. ಅಕ್ಷರ ಬರುತ್ತ ಬರುತ್ತ ತಡೆಯುವವು, ಆಮೇಲೆ ಹತ್ತು ಸಾಲು ಒಮ್ಮೆಲೇ ಬಂದು ಸುರಿಯುವವು. ಅವಳು ಅವನ್ನು ಓದಿ ತಲೆ ಎತ್ತುವುದರೊಳಗೆ ಸಭೆ ಮುಂದಿನ ವಿಷಯಕ್ಕೆ ಹೋಗಿರುತ್ತಿತ್ತು. ಇದರ ಮೇಲೆ ಇನ್ನೊಂದು ಪೀಡೆ. ಪದಗಳ ನಡುವೆ ಕಪ್ಪು ಚೌಕದೊಳಗೆ ಪ್ರಶ್ನೆಚಿಹ್ನೆ ಕಾಣಿಸಿಕೊಳ್ಳುತ್ತಿತ್ತು. 'ತೆರಿಗೆ' ಎಂದಿರಬೇಕಾದಲ್ಲಿ 'ತೆ', ಒಂದು ಚೌಕ, 'ಗೆ'. ಸಾಲಿಗೊಂದರಂತೆ ಬಂದರೂ ಸಾಕು, ಓದುವ ಕಣ್ಣು ಎಡವುತ್ತದೆ.

ಬ್ರೌಸರ್ ಬೇಡ, ಕಂಪ್ಯೂಟರಿನಲ್ಲಿ ನೇರವಾಗಿ ಓಡುವ ಪ್ರೋಗ್ರಾಮ್ ತಾನೇ ಬರೆಯುತ್ತೇನೆ ಎಂದು ಅವಳು ನಿರ್ಧರಿಸಿದಳು. ಅಂಥದ್ದನ್ನು ಬರೆಯುವುದೇ ಅವಳ ವೃತ್ತಿ. ಅವಳ ಬಿಲ್ಲಿನ ಪ್ರೋಗ್ರಾಮ್ ಹಳೆಯ ಯಂತ್ರದಲ್ಲಿ, ವಿದ್ಯುತ್ತು ಹೋಗಿ ಬರುವ ಅಂಗಡಿಯಲ್ಲಿ, ಗಿರಾಕಿ ಎದುರಿಗೆ ನಿಂತಿರುವಾಗ ತಡೆಯದೆ ಓಡಬೇಕು. ಅದನ್ನು ಬರೆದ ಪ್ಯಾಸ್ಕಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯೇ ಸಾಕು ಎಂದುಕೊಂಡಳು.

ತ್ರ್ಯಂಬಕ ಒಂದು ಚೀಟಿಯಲ್ಲಿ ಬರೆದುಕೊಟ್ಟರು: "ಮಾಡವಾ. ಆದ್ರ ಆಫೀಸಿನ ವ್ಯಾಳ್ಯಾದಾಗ ಬ್ಯಾಡ. ಕೀಲಿ ಇಟಗೋ, ಮುಂಜಾನಿ ಲಗೂ ಬಂದು ಮಾಡಕೋ."

ಹೀಗೆ ಬೆಳಗಿನ ಹೊತ್ತು ಶುರುವಾಯಿತು. ಕೆಳಗೆ ಬಳೆ ಅಂಗಡಿಯವರು ಬಾಗಿಲು ತೊಳೆಯುವ ಹೊತ್ತಿಗೆ ಅವಳು ಮೇಲೆ ಕೂತಿರುತ್ತಿದ್ದಳು. ಒಂದೆರಡು ತಿಂಗಳ ಕೆಲಸ ಎಂದು ಹನಮೇಶನಿಗೆ ಹೇಳಿದ್ದಳು. ಲಾಗಿನ್ ಆಗುವುದಕ್ಕೇ ಒಂದು ತಿಂಗಳು ಹೋಯಿತು. ಓಪನ್‌ಹಾಲ್‌ನ ಕೈಪಿಡಿ ಒಂದು ಹೇಳುತ್ತಿತ್ತು, ಸರ್ವರ್ ಇನ್ನೊಂದು ಮಾಡುತ್ತಿತ್ತು. ಏನು ಕಳಿಸಿದರೂ 'ತಪ್ಪು ವಿನಂತಿ' ಎಂಬ ಎರಡೇ ಪದ. ಏನು ತಪ್ಪು ಎಂದು ಹೇಳುತ್ತಿರಲಿಲ್ಲ. ಕೊನೆಗೆ ಕೈಪಿಡಿಯನ್ನು ಬದಿಗಿಟ್ಟು, ಬ್ರೌಸರ್ ಏನೇನು ಕಳಿಸುತ್ತದೆ ಎಂದು ನಡುವೆ ನಿಂತು ಕದ್ದು ನೋಡಿದಳು. ಕೈಪಿಡಿಯಲ್ಲಿ ಎಲ್ಲೂ ಇಲ್ಲದ ಒಂದು ಗುರುತು ಅಲ್ಲಿತ್ತು. ಅದನ್ನು ಸೇರಿಸಿದ ಮರುಕ್ಷಣ ಬಾಗಿಲು ತೆರೆಯಿತು. ಖುಷಿಪಡಬೇಕಾದ ಗಳಿಗೆ, ಅವಳಿಗೆ ಬಂದದ್ದು ಸಿಟ್ಟು.

ಆಮೇಲೆ ಸಂಪರ್ಕ ತಾನಾಗಿ ಕಡಿದುಹೋಗುವುದು. ಅದು ಸರಿಹೋದರೆ ಆಫೀಸಿನ ಆ್ಯಂಟಿವೈರಸ್ಸಿನ ಕಾಟ. ಗೊತ್ತಿಲ್ಲದ ಪ್ರೋಗ್ರಾಮ್ ಎಂದು ಅದು ಅವಳ ಕೆಲಸವನ್ನು ದಿನಾ ರಾತ್ರಿ ಅಳಿಸಿಹಾಕುತ್ತಿತ್ತು, ಅವಳು ದಿನಾ ಬೆಳಿಗ್ಗೆ ಮತ್ತೆ ಹಾಕುತ್ತಿದ್ದಳು. ಬಿಟ್ಟುಬಿಡು ಎಂದು ಹೇಳಿಕೊಟ್ಟಷ್ಟೂ ಅದಕ್ಕೆ ಮರೆವು.

ಚೌಕದ ಗುಟ್ಟು ಸಿಕ್ಕಿದ್ದೂ ಅದೇ ದಿನಗಳಲ್ಲಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಒಂದು ಮನೆ, ಅಂದರೆ ಒಂದು ಬೈಟ್, ಸಾಕು, ಕನ್ನಡದ್ದಕ್ಕೆ ಮೂರು ಬೇಕು. ಓಪನ್‌ಹಾಲ್‌ನ ಸರ್ವರ್ ಬರಹವನ್ನು ತುಂಡು ಮಾಡಿ ಕಳಿಸುವಾಗ ಬರೀ ಮನೆಗಳನ್ನು ಎಣಿಸಿ ಕತ್ತರಿಸುತ್ತಿತ್ತು. ಕತ್ತರಿ ಅಕ್ಷರದ ಮಧ್ಯಕ್ಕೆ ಬಿದ್ದರೆ ಆ ಅಕ್ಷರ ಸತ್ತು ಚೌಕವಾಗುತ್ತಿತ್ತು. ಇಂಗ್ಲಿಷಿನಲ್ಲಿ ಹೀಗೆ ಎಂದೂ ಆಗದು, ಹಾಗಾಗಿ ಅದನ್ನು ಮಾಡಿದವರಿಗೆ ಗೊತ್ತಾಗಿರಲಿಲ್ಲ.

ಎಲ್ಲ ವಿವರ ಬರೆದು ಅವಳು ಓಪನ್‌ಹಾಲ್‌ನವರಿಗೆ ದೂರು ಕಳಿಸಿದಳು. ಬರುವ ದೂರುಗಳನ್ನು ನೋಡುವವನು ಯೋನಾಸ್ ಎಂಬ ಯುರೋಪಿನವನು. ಮರುದಿನವೇ ಉತ್ತರ ಬಂತು: "ನಮ್ಮಲ್ಲಿ ಈ ತೊಂದರೆ ಕಾಣುತ್ತಿಲ್ಲ. ನಿಮ್ಮ ಫಾಂಟ್ ಪರೀಕ್ಷಿಸಿ. ನಮ್ಮ ಬ್ರೌಸರ್ ಆವೃತ್ತಿಯನ್ನೇ ಬಳಸಲು ಸಲಹೆ." ಕೆಳಗೆ 'ಮುಗಿದಿದೆ' ಎಂದು ಮುದ್ರೆ ಒತ್ತಿದ್ದ.

ಅವಳು ಮತ್ತೆ ಬರೆದಳು. ಉದ್ದನೆಯ ಕನ್ನಡ ವಾಕ್ಯ ಹಾಕಿ ನೋಡಿ, ಎರಡು ಪದ ಹಾಕಿದರೆ ತಿಳಿಯುವುದಿಲ್ಲ ಎಂದಳು. ಅದಕ್ಕೆ ಉತ್ತರವೇ ಬರಲಿಲ್ಲ.

ಆಗಲಿ ಎಂದು ತನ್ನ ಪ್ರೋಗ್ರಾಮಿನಲ್ಲೇ ದಾರಿ ಮಾಡಿಕೊಂಡಳು. ಅರ್ಧ ಅಕ್ಷರ ಬಂದರೆ ಅದನ್ನು ತೋರಿಸದೆ ಹಿಡಿದಿಟ್ಟು, ಉಳಿದರ್ಧ ಬಂದ ಮೇಲೆ ಕೂಡಿಸಿ ತೋರಿಸುವುದು. ಚೌಕಗಳು ಮಾಯವಾದವು. ಹಳೆಯ ಕಂಪ್ಯೂಟರಿನಲ್ಲೂ ಅಕ್ಷರಗಳು ತಡೆಯಿಲ್ಲದೆ ಬರತೊಡಗಿದವು. ಪ್ರೋಗ್ರಾಮಿಗೆ 'ಕಟ್ಟಿ' ಎಂದು ಹೆಸರಿಟ್ಟಳು. ಉಣಕಲ್ಲಿನಲ್ಲಿ ಮನೆಯ ಮುಂದೆ ಕೂತು ಹರಟೆ ಹೊಡೆಯುವ ಜಾಗಕ್ಕೆ ಎಲ್ಲರೂ ಹಾಗೇ ಅನ್ನುತ್ತಾರೆ.

ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕಟ್ಟಿ ಮನೆಗೂ ಬಂತು. ಹನಮೇಶ ಡಿಪೋದಿಂದ ಬಂದು ಕೈ ತೊಳೆದು ಎರಡೇ ಬೆರಳಲ್ಲಿ ಟೈಪ್ ಮಾಡಲು ಕಲಿತ. ಒಂದು ಭಾನುವಾರ ಮಧ್ಯಾಹ್ನ ಅವನು ದುರಗವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಮಗಳ ಕಿವಿ ಹೋದ ಮೇಲೆ ದುರಗವ್ವ ಅವಳೊಡನೆ ಮಾತಾಡುವುದನ್ನೇ ಕಡಿಮೆ ಮಾಡಿದ್ದಳು. ಉಂಡೆಯಾ, ನೀರು ಬಂತು, ಹಾಲು ಉಕ್ಕಿತು ಎಂಬುದಕ್ಕೆಲ್ಲ ಕೈಸನ್ನೆ ಸಾಕಾಗಿತ್ತು.

"ಅತ್ತಿ, ನೀವು ಹೇಳ್ರಿ. ನಾ ಬರೀತೇನಿ. ಆಕಿ ಓದತಾಳ" ಎಂದ.

ದುರಗವ್ವ ಮೊದಲು ನಾಚಿದಳು. ಆಮೇಲೆ ಶುರುಮಾಡಿದಳು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಂದವು: "ಆ ಬಾಜೂ ಮನಿ ಸಂಗವ್ವ ಅದಾಳಲ್ಲ, ಆಕಿ ಗ್ವಾಡಿ ಕಟ್ಟಿಸುವಾಗ ನಮ್ಮ ಕಡಿ ಒಂದು ಗೇಣು ಸರಿಸ್ಯಾಳ. ನಾ ನೋಡೇನಿ. ಹಾಲಿನ ಪಾತೇಲಿ ವೈದಾಕಿ ಕೊಟ್ಟಿಲ್ಲ. ಮ್ಯಾಲ ನನ್ನ ನೋಡಿ ನಗತಾಳ. ನಿನಗ ಹೇಳಬೇಕಂದ್ರ ಹ್ಯಾಂಗ ಹೇಳಲಿ?" ಸಂಗವ್ವನ ಮೇಲಿನ ಆರೋಪಪಟ್ಟಿ ಮುಗಿಯುವಷ್ಟರಲ್ಲಿ ಹನಮೇಶನ ಬೆರಳು ಸೋತಿದ್ದವು. ಅವ್ವ ಇಷ್ಟು ಮಾತನ್ನು ಒಳಗೇ ಇಟ್ಟುಕೊಂಡಿದ್ದಳು ಎಂದು ದ್ರಾಕ್ಷಾಯಿಣಿಗೆ ಗೊತ್ತೇ ಇರಲಿಲ್ಲ.

"ಪಾತೇಲಿ ಯಾವದು, ಆ ಹಿತ್ತಾಳಿದಾ?" ಎಂದು ಕೇಳಿದಳು.

"ಹೂಂ, ಅದ" ಎಂದು ಪರದೆ ಹೇಳಿತು.

ಅಲ್ಲಿಂದ ಕೆಲವು ತಿಂಗಳು ಕಟ್ಟಿ ಚೆನ್ನಾಗಿ ಓಡಿತು. ಆಗಲೇ ದುರ್ಗದಬೈಲಿನ ವ್ಯಾಪಾರಿಗಳ ಸಭೆ ಬಂತು. ತೆರಿಗೆಯ ನಿಯಮ ಮತ್ತೆ ಬದಲಾಗಿತ್ತು. ಹೊಸ ಬಿಲ್ಲು ಹೇಗೆ ಹಾಕಬೇಕು ಎಂದು ಅಂಗಡಿಕಾರರಿಗೆ ತಿಳಿಸಬೇಕಿತ್ತು. ಹಿಂದೆಲ್ಲ ತ್ರ್ಯಂಬಕ ಇಂಥದ್ದಕ್ಕೆ ಆಶಿಷನನ್ನು ಕಳಿಸುತ್ತಿದ್ದರು. ಈ ಸಲ ದ್ರಾಕ್ಷಾಯಿಣಿ ಅವರ ಮೇಜಿನ ಮುಂದೆ ನಿಂತಳು.

"ಸರ್, ಈ ಸಲ ನಾ ಹೊಕ್ಕೇನಿ. ಪ್ರೋಗ್ರಾಮ್ ಬರದಾಕಿ ನಾ. ಸುಫಿಯಾನ ಅವರ ಪ್ರಶ್ನೆ ಬರೀತಾನ, ನಾ ಓದಿ ಉತ್ತರ ಕೊಡತೇನಿ."

ತ್ರ್ಯಂಬಕರ ಉತ್ತರ ಕಟ್ಟಿಯ ಮೇಲೆ ಬಂತು: "ನಿನಗ ತ್ರಾಸ ಆಗ್ತದ ಅಂತ ನಾ ಕಳಸ್ತಿದ್ದಿಲ್ಲ."

"ತ್ರಾಸ ಆಗೂದು ನಾ ಹೋಗದಿದ್ರ ಸರ್."

ಸಭೆ ನಡೆದದ್ದು ಒಂದು ಕಲ್ಯಾಣಮಂಟಪದಲ್ಲಿ. ಬೆಳಿಗ್ಗೆ ಆಫೀಸಿನಲ್ಲಿ ಕಟ್ಟಿಯನ್ನು ಪರೀಕ್ಷಿಸಿ, ಎರಡು ಲ್ಯಾಪ್‌ಟಾಪ್ ಹೊತ್ತು ಹೋದರು. ವ್ಯಾಪಾರಿಗಳು ಬಂದು ಕೂತರು. ಹೊಸ ಬಿಲ್ಲನ್ನು ಅವಳು ಚೆನ್ನಾಗಿಯೇ ವಿವರಿಸಿದಳು. ತನ್ನ ದನಿ ಎಷ್ಟು ಎತ್ತರ ಹೋಗುತ್ತಿದೆ ಎಂದು ಸುಫಿಯಾನನ ಕೈಸನ್ನೆ ನೋಡಿ ತಿಳಿಯುತ್ತಿದ್ದಳು. ಪ್ರಶ್ನೆಗಳ ಸರದಿ ಬಂದಾಗ ಕಟ್ಟಿಯನ್ನು ತೆರೆದಳು. ಒಳಗೆ ಬಿಡಲಿಲ್ಲ. 'ಈ ಪ್ರೋಗ್ರಾಮ್ ಹಳೆಯದು, ಹೊಸ ಆವೃತ್ತಿ ಬಳಸಿ' ಎಂದು ಸರ್ವರ್ ಹೇಳಿತು. ಹೊಸ ಆವೃತ್ತಿ ಎಲ್ಲಿಂದ ಬರಬೇಕು, ಅದನ್ನು ಬರೆಯಬೇಕಾದವಳು ಇಲ್ಲೇ ವೇದಿಕೆಯ ಮೇಲೆ ನಿಂತಿದ್ದಾಳೆ.

ಸುಫಿಯಾನ ಬ್ರೌಸರ್ ತೆರೆದ. ಮಂಟಪದ ನಿಧಾನದ ಇಂಟರ್ನೆಟ್ಟಿನಲ್ಲಿ ಅದರ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ಬೆಡ್‌ಶೀಟಿನ ಸಗಟು ವ್ಯಾಪಾರಿ ಚನ್ನಯ್ಯ ಎದ್ದುನಿಂತು ಏನೋ ಕೇಳಿದ. ಮೀಸೆ ತುಟಿಯನ್ನು ಮುಚ್ಚಿತ್ತು. ಅವಳು "ಇನ್ನೊಮ್ಮೆ ಹೇಳ್ರಿ" ಎಂದಳು. ಅವನು ಹೇಳಿದ. ಅವಳಿಗೆ ತಿಳಿಯಲಿಲ್ಲ. ಸುಫಿಯಾನ ಪೆನ್ನು ಹುಡುಕುತ್ತಿದ್ದ. ಅಷ್ಟರಲ್ಲಿ ಹಿಂದೆ ಕೂತಿದ್ದ ಆಶಿಷ್ ಎದ್ದು ಬಂದು ಮೈಕು ಹಿಡಿದು ಉತ್ತರ ಕೊಟ್ಟ. ಅವನ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಅಲ್ಲಿಂದ ಮುಂದೆ ಎಲ್ಲರೂ ಅವನನ್ನೇ ಕೇಳಿದರು. ಅವಳು ಮುಚ್ಚದ ಲ್ಯಾಪ್‌ಟಾಪಿನ ಮುಂದೆ ಮುಖದಲ್ಲಿ ನಗು ಇಟ್ಟುಕೊಂಡು ನಿಂತಿದ್ದಳು. ಹಳೆಯ ಸಾಮಾನಿಗೆ ಹೊಸ ದರ ಹಾಕುವ ಬಗ್ಗೆ ಆಶಿಷ್ ತಪ್ಪು ಹೇಳಿದ್ದ ಎಂಬುದು ಮರುದಿನ ಅಂಗಡಿಗಳಿಂದ ಫೋನು ಬಂದಾಗ ಗೊತ್ತಾಯಿತು. ಅದನ್ನು ಸರಿಪಡಿಸಲು ವಾರ ಹಿಡಿಯಿತು.

ಸಭೆ ಮುಗಿಸಿ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ. ದವಡೆ ನೋಯುವಷ್ಟು ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಸಭೆಯ ದಿನವೇ ಓಪನ್‌ಹಾಲ್‌ನವರು ಸರ್ವರ್ ಬದಲಿಸಿದ್ದರು. ಆ ಸುದ್ದಿಯನ್ನು ಮುಂಚೆಯೇ ಎಲ್ಲಾದರೂ ಹಾಕಿದ್ದರೇ ಎಂದು ಮರುದಿನ ಹುಡುಕಿದಳು. ಬರಹದಲ್ಲಿ ಎಲ್ಲೂ ಇರಲಿಲ್ಲ. ಓಪನ್‌ಹಾಲ್ ಮಾಡುವವರು ವಾರಕ್ಕೊಮ್ಮೆ ಫೋನಿನಲ್ಲಿ ಸೇರಿ ಮಾತಾಡುತ್ತಾರಂತೆ, ತೀರ್ಮಾನ ಅಲ್ಲಿ ಆಗಿತ್ತು. ಅದರ ಧ್ವನಿಮುದ್ರಣ ಮಾತ್ರ ಇತ್ತು. ಒಟ್ಟಿಗೆ ಬರೆಯುವ ವೇದಿಕೆಯನ್ನು ಕಟ್ಟುವವರು ತಮ್ಮ ತೀರ್ಮಾನವನ್ನು ಬರೆದಿಡುತ್ತಿರಲಿಲ್ಲ.

ಹೊಸ ಲಾಗಿನ್ ಬರೆಯಲು ಮತ್ತೆ ಬೆಳಗಿನ ಹೊತ್ತುಗಳು ಹೋದವು. ಒಳಗೆ ಹೋದರೆ ಚೌಕಗಳು ತಿರುಗಿ ಬಂದಿದ್ದವು. ಹೊಸ ಸರ್ವರ್ ಅರ್ಧ ಅಕ್ಷರ ಕಂಡರೆ ತಾನೇ ಅದನ್ನು ಚೌಕ ಮಾಡಿ ಕಳಿಸುತ್ತಿತ್ತು. ಹಿಡಿದಿಟ್ಟು ಕೂಡಿಸಲು ಅರ್ಧ ಅಕ್ಷರವೇ ಬರುತ್ತಿರಲಿಲ್ಲ. ಅವಳ ಉಪಾಯಕ್ಕೆ ನೆಲೆಯೇ ತಪ್ಪಿತು. ತಮ್ಮದೇ ಸರ್ವರ್ ನಡೆಸಬಹುದಿತ್ತು, ಅದನ್ನು ಹೊರುವ ಯಂತ್ರ ಆಫೀಸಿನಲ್ಲಿ ಇರಲಿಲ್ಲ. ಯೋನಾಸನಿಗೇ ಹೇಳಬೇಕು.

"ಇಷ್ಟು ದೊಡ್ಡ ಬದಲಾವಣೆಯನ್ನು ಬರೆದು ತಿಳಿಸಬಾರದಿತ್ತೆ?" ಎಂದು ಅವನಿಗೆ ಬರೆದಳು.

"ಸಭೆಯ ಧ್ವನಿಮುದ್ರಣ ಎಲ್ಲರಿಗೂ ಮುಕ್ತವಾಗಿದೆ. ದಯವಿಟ್ಟು ಕೇಳಿ" ಎಂದು ಉತ್ತರ ಬಂತು.

ಅವಳು ಆ ಸಾಲನ್ನು ನೋಡುತ್ತ ಕೂತಳು. ತನ್ನ ಕಿವಿಯ ವಿಷಯವನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳದೆ ಇರಬಹುದಾದ ಒಂದೇ ಜಾಗ ಅದಾಗಿತ್ತು; ಅಲ್ಲಿ ಎಲ್ಲರೂ ಬರೆದೇ ಮಾತಾಡುತ್ತಿದ್ದರು, ಅಲ್ಲಿ ಅವಳು ಬರೀ ಪ್ರೋಗ್ರಾಮರ್. ಈಗ ಬರೆದಳು: "ನನಗೆ ಕಿವಿ ಕೇಳಿಸುವುದಿಲ್ಲ. ಎದುರಿಗಿರುವವರ ಮಾತು ತಿಳಿಯಲೆಂದೇ ನಿಮ್ಮ ವೇದಿಕೆಯನ್ನು ಬಳಸುತ್ತೇನೆ. ಧ್ವನಿಮುದ್ರಣದಿಂದ ನನಗೆ ಪ್ರಯೋಜನವಿಲ್ಲ. ಮೂರು ಮನೆಯ ಅಕ್ಷರಗಳನ್ನು ನಿಮ್ಮ ಸರ್ವರ್ ಕತ್ತರಿಸುತ್ತಿದೆ ಎಂದು ಹಿಂದೆಯೇ ತಿಳಿಸಿದ್ದೆ."

ಆಮೇಲೆ ನಡೆದದ್ದು ಅವಳನ್ನು ಇನ್ನಷ್ಟು ರೇಗಿಸಿತು. ಯೋನಾಸ್ ಉದ್ದವಾಗಿ ಕ್ಷಮೆ ಕೇಳಿದ. ಯಾರು ಯಾರೋ ಬಂದು ಕೆಂಪು ಹೃದಯದ ಚಿತ್ರ ಒತ್ತಿದರು. 'ನೀವು ಎಷ್ಟೊಂದು ಜನಕ್ಕೆ ಸ್ಫೂರ್ತಿ' ಎಂದು ಬರೆದರು. ದಿನಾ ಬೆಳಿಗ್ಗೆ ನೋಡಿದರೆ ಹೃದಯಗಳು ಹೆಚ್ಚಿರುತ್ತಿದ್ದವು, ದೂರು ಮಾತ್ರ ಹಾಗೆಯೇ ಇರುತ್ತಿತ್ತು. ಅವಳ ಸಂದೇಶದ ಮೊದಲ ಸಾಲನ್ನು ಎಲ್ಲರೂ ಓದಿದ್ದರು, ಕೊನೆಯ ಸಾಲನ್ನು ಯಾರೂ ಓದಿರಲಿಲ್ಲ.

ಸುಫಿಯಾನನಿಗೆ ತೋರಿಸಿದಳು. ಅವನು ಓದಿ ಟೈಪ್ ಮಾಡಿದ: "ಪಾಪ ಅಂತಾರಲ್ಲ ಅಕ್ಕಾ, ಒಳ್ಳೆಯವ್ರದಾರ."

"ಪಾಪ ಅನ್ನಾಕ ಇಲ್ಲೇ ಬೇಕಾದಷ್ಟು ಮಂದಿ ಅದಾರ. ನನಗ ಅಕ್ಷರ ಬೇಕು" ಎಂದಳು.

ಮೂರನೆಯ ವಾರ ಹೃದಯಗಳ ಕೆಳಗೆ ಬೇರೆ ಥರದ ಒಂದು ಸಂದೇಶ ಬಂತು. ಬರೆದವಳು ಶ್ರೀಲಂಕಾದ ನಿಲ್ಮಿಣಿ. ಒಂದು ಪತ್ರಿಕೆಗೆ ಸಿಂಹಳದಲ್ಲಿ ಅನುವಾದ ಮಾಡುವ ಗುಂಪಿನವಳು. "ನಮ್ಮ ಹಾಳೆಗಳಲ್ಲೂ ಈ ಚೌಕಗಳಿವೆ. ನಮ್ಮ ಅಕ್ಷರಕ್ಕೂ ಮೂರು ಮನೆ ಬೇಕು. ನಾವು ಇದನ್ನು ನಮ್ಮ ಹಣೆಬರಹ ಎಂದುಕೊಂಡಿದ್ದೆವು. ನಿಮ್ಮ ವಿವರಣೆ ಓದಿದೆ. ಯಾವ ಸಾಲಿನಲ್ಲಿ ಕತ್ತರಿಸುತ್ತಿದೆ ಎಂದು ತೋರಿಸುತ್ತೀರಾ?" ಅಷ್ಟೇ. ಸ್ಫೂರ್ತಿ ಇಲ್ಲ, ಹೃದಯ ಇಲ್ಲ.

ದ್ರಾಕ್ಷಾಯಿಣಿ ತೋರಿಸಿದಳು. ಇಬ್ಬರೂ ಒಂದು ಹಾಳೆ ತೆರೆದು ಕೂತರು. ಹರಕು ಇಂಗ್ಲಿಷಿನಲ್ಲಿ ಇಬ್ಬರ ಕೆಲಸ ನಡೆಯಿತು. ಸರ್ವರಿನ ಕೋಡಿನಲ್ಲಿ ಕತ್ತರಿಸುವ ಜಾಗವನ್ನು ತಿದ್ದಿದರು. ಅಕ್ಷರ ಮುಗಿದ ಮೇಲೆ ಮಾತ್ರ ಕತ್ತರಿಸಬೇಕು, ತಿದ್ದುಪಡಿ ಅಷ್ಟೇ. ನಿಲ್ಮಿಣಿ ಅದರ ಜೊತೆ ಒಂದು ಪರೀಕ್ಷೆಯನ್ನು ಸೇರಿಸಿದಳು. ಅದನ್ನು ಓಡಿಸಿದ ಯಾರಿಗಾದರೂ ಹಳೆಯ ಕೋಡಿನಲ್ಲಿ ಚೌಕ ಕಾಣಲೇಬೇಕು, 'ನಮ್ಮಲ್ಲಿ ಕಾಣುತ್ತಿಲ್ಲ' ಎನ್ನಲು ಬರುವಂತಿರಲಿಲ್ಲ.

ಯೋನಾಸ್ ಅದನ್ನು ಕೂಡಲೇ ಒಪ್ಪಲಿಲ್ಲ. ಹೆಸರುಗಳನ್ನು ಬೇರೆ ರೀತಿ ಇಡಿ ಎಂದ. ಖಾಲಿ ಸಾಲು ಹೆಚ್ಚಾಯಿತು ಎಂದ. ಇವರು ತಿದ್ದಿ ಕಳಿಸಿದರೆ ರಜೆಗೆ ಹೋದ. ಮುಂದಿನ ತೆರಿಗೆ ಬದಲಾವಣೆಯ ಸುದ್ದಿ ಬರುವಷ್ಟರಲ್ಲಿ ಅಂತೂ ತಿದ್ದುಪಡಿ ಸರ್ವರಿಗೆ ಸೇರಿತು. ಪ್ರಕಟಣೆಯಲ್ಲಿ 'ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ' ಎಂದಿತ್ತು. ಇಬ್ಬರ ಹೆಸರೂ ಇರಲಿಲ್ಲ. ನಿಲ್ಮಿಣಿ ಒಂದು ಖಾಲಿ ಸಾಲು ಕಳಿಸಿ, ಇದನ್ನೂ ತೆಗೆಯಬೇಕೇ ಎಂದು ಕೇಳಿದಳು. ದ್ರಾಕ್ಷಾಯಿಣಿ ಒಬ್ಬಳೇ ಕೂತು ಬಹಳ ಹೊತ್ತು ನಕ್ಕಳು.

ವ್ಯಾಪಾರಿಗಳ ಸಭೆ ಮತ್ತೆ ಬಂತು. ತ್ರ್ಯಂಬಕ ಈ ಸಲ ಏನೂ ಕೇಳಲಿಲ್ಲ, ಆಹ್ವಾನ ಪತ್ರಿಕೆಯಲ್ಲೇ ಅವಳ ಹೆಸರು ಹಾಕಿಸಿದ್ದರು. ಹಿಂದಿನ ಸಲದ ಪಾಠದಿಂದ ಅವಳು ಸುಫಿಯಾನನ ಮೊಬೈಲಿನ ಇಂಟರ್ನೆಟ್ಟನ್ನು ಹಿಡಿದು, ಸಭೆಗೆ ಮುಂಚೆ ಅಲ್ಲಿಯೇ ಕೂತು ಪರೀಕ್ಷಿಸಿದಳು. ಒಮ್ಮೆ ಸಂಪರ್ಕ ಕಡಿದು ತಿರುಗಿ ಬಂತು. ಆ್ಯಂಟಿವೈರಸ್ ತಗಾದೆ ತೆಗೆಯಿತು. ಅದನ್ನು ನಿಲ್ಲಿಸಿಟ್ಟಳು.

ಪ್ರಶ್ನೆಗಳು ಶುರುವಾದವು. ಮೊದಲ ಇಬ್ಬರದು ಸುಲಭದ್ದು. ಮೂರನೆಯವನಾಗಿ ಚನ್ನಯ್ಯ ಎದ್ದ. ಮೀಸೆ ಹಾಗೆಯೇ ಇತ್ತು. ಸುಫಿಯಾನನ ಬೆರಳು ಓಡಿದವು, ಒಮ್ಮೆ ತಡೆದವು. ಅವನು ದ್ರಾಕ್ಷಾಯಿಣಿಯ ಮುಖ ನೋಡಿದ.

"ಬರಿ. ಎಲ್ಲಾ ಬರಿ" ಎಂದಳು.

ಕಟ್ಟಿಯ ಮೇಲೆ ಒಂದೊಂದೇ ಅಕ್ಷರ ಬಂತು: "ಚನ್ನಯ್ಯ: ಹ್ವಾದ ಸಲ ನಿಮ್ಮ ಮಾತು ಕೇಳಿ ಹಳೇ ಮಾಲಿಗೆ ಹೊಸ ದರ ಹಾಕಿ ಗಿರಾಕಿಗಳ ಕಡಿಂದ ಉಗಳಿಸಿಕೊಂಡೇನಿ. ಒಂದು ಬಿಲ್ಲು ಹಾಕೂದನ್ನ ನೆಟ್ಟಗ ಮಾಡಾಕ ಬರೂದಿಲ್ಲ, ದೊಡ್ಡದಾಗಿ ಸಭಾ ಕರೀತೀರಿ. ಇದಕ್ಕ ಏನಂತೀರಿ ಹೇಳ್ರಿ ನೀವ."

ಒಂದು ಚೌಕವೂ ಇರಲಿಲ್ಲ. ಜನ ಆಶಿಷನತ್ತ ತಿರುಗಿದರು. ಅವನು ಎದ್ದೇಳಲಿಲ್ಲ, ತಲೆ ತಗ್ಗಿಸಿ ಕೂತಿದ್ದ. ದ್ರಾಕ್ಷಾಯಿಣಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಮುಖಕ್ಕೆ ಮುಖ ಕೊಟ್ಟು ಅವಳನ್ನು ಯಾರಾದರೂ ಬೈದು ವರ್ಷಗಳೇ ಆಗಿದ್ದವು. ಕಿವಿ ಹೋದ ಮೇಲೆ ಎಲ್ಲರೂ ಅವಳೊಡನೆ ಮೆತ್ತಗೆ ನಗುತ್ತಿದ್ದರು, ಸಿಟ್ಟನ್ನೆಲ್ಲ ಬೇರೆಯವರ ಬಳಿ ತೀರಿಸಿಕೊಳ್ಳುತ್ತಿದ್ದರು.

"ಚನ್ನಯ್ಯನವರ, ಹ್ವಾದ ಸಲ ನಮ್ಮ ಕಡಿಂದ ತಪ್ಪು ಮಾಹಿತಿ ಬಂದೈತಿ. ಆ ತಪ್ಪು ನಮ್ಮದು. ಹಳೇ ಮಾಲಿನ ಲೆಕ್ಕ ಈಗ ಪ್ರೋಗ್ರಾಮ್ ತಾನ ಬ್ಯಾರೆ ಮಾಡತೈತಿ, ತೋರಿಸ್ತೇನಿ ನೋಡ್ರಿ. ಆದ್ರ ನಿಮ್ಮ ಅಂಗಡ್ಯಾಗ ನೀವು ಎರಡು ವರ್ಷದಿಂದ ಪ್ರೋಗ್ರಾಮ್ ಹೊಸದು ಮಾಡಿಸಿಕೊಂಡಿಲ್ಲ. ಸುಫಿಯಾನ ಬಂದ್ರ ನಾಳಿ ಬಾ ಅಂತ ಕಳಸ್ತೀರಿ. ಅದಕ್ಕ ನೀವು ಏನಂತೀರಿ?"

ಮಂಟಪದಲ್ಲಿ ನಗು ಎದ್ದಿತು. ಸುಫಿಯಾನ ಅದನ್ನೂ ಬರೆದ: "ಎಲ್ಲಾರೂ ನಗಾಕತ್ತಾರ." ಚನ್ನಯ್ಯ ಕೈ ಬೀಸಿ ಇನ್ನೂ ಏನೋ ಹೇಳಿದ, ಅದೂ ಬಂತು, ಅವಳು ಅದಕ್ಕೂ ಉತ್ತರ ಕೊಟ್ಟಳು. ಇಬ್ಬರದೂ ಜಗಳ ಸ್ವಲ್ಪ ಹೊತ್ತು ಚೆನ್ನಾಗಿಯೇ ನಡೆಯಿತು.

ಕಟ್ಟಿಯ ಕಥೆ ಇನ್ನೂ ಮುಗಿದಿಲ್ಲ. ಓಪನ್‌ಹಾಲ್‌ನವರು ತಮ್ಮ ಫೋನಿನ ಸಭೆಯನ್ನು ಬರೆದಿಡುತ್ತೇವೆ ಎಂದು ಒಪ್ಪಿದರು. ನಾಲ್ಕಾರು ವಾರ ಬರೆದರು, ಆಮೇಲೆ ಮರೆತರು. ಪ್ರತಿ ಸಲವೂ ದ್ರಾಕ್ಷಾಯಿಣಿ ನೆನಪಿಸಬೇಕು, ಪ್ರತಿ ಸಲವೂ ಯೋನಾಸ್ ಕ್ಷಮೆ ಕೇಳುತ್ತಾನೆ. ಮುಂದಿನ ವರ್ಷ ಸಂಪರ್ಕದ ವಿಧಾನವನ್ನೇ ಪೂರ್ತಿ ಬದಲಿಸುತ್ತಾರಂತೆ. ಅಂದರೆ ಕಟ್ಟಿಯ ಅರ್ಧ ಭಾಗವನ್ನು ಕಿತ್ತು ಮತ್ತೆ ಬರೆಯಬೇಕು. ಆ ಸುದ್ದಿ ಓದಿದ ದಿನ ಅವಳು ಆಫೀಸಿನ ಮೇಜನ್ನು ಒಮ್ಮೆ ಜೋರಾಗಿ ಗುದ್ದಿದಳು. ಕೆಳಗಿನ ಬಳೆ ಅಂಗಡಿಯವರು ಏನು ಬಿತ್ತೆಂದು ಮೇಲೆ ಬಂದು ನೋಡಿದರು. ಏನಿಲ್ಲ ಎಂದು ಅವರನ್ನು ಕಳಿಸಿ, ಹೊಸ ವಿಧಾನದ ಕೈಪಿಡಿಯ ಮೊದಲ ಪುಟವನ್ನು ತೆರೆದಳು. ಎರಡನೆಯ ಸಾಲಿನಲ್ಲೇ ಒಂದು ತಪ್ಪು ಕಂಡಿತು. ನಿಲ್ಮಿಣಿಗೆ ಬರೆಯತೊಡಗಿದಳು.